ಹೃದಯಾಘಾತ ನಿಮ್ಮ ಮನೆತನದಲ್ಲಿದೆಯೇ? ರೋಗಿಯ ಜೊತೆ ಬಂದವರೂ ಓದಬೇಕಾದ ವಿಷಯ

ಹೃದಯಾಘಾತವಾಗಿ ಒಬ್ಬರು ಆಸ್ಪತ್ರೆಗೆ ಸೇರಿದರೆ ಅವರ ಮಂಚದ ಪಕ್ಕದಲ್ಲಿ ಮಗನೋ, ಮಗಳೋ, ತಮ್ಮನೋ, ಅಕ್ಕನೋ ಕುಳಿತಿರುತ್ತಾರೆ. ರಾತ್ರಿಯೆಲ್ಲ ಎಚ್ಚರವಿದ್ದು, ಔಷಧಿ ತಂದು, ಗಂಜಿ ಕುಡಿಸಿ ರೋಗಿಯನ್ನು ನೋಡಿಕೊಳ್ಳುತ್ತಾರೆ. ಆದರೆ ಅವರಲ್ಲಿ ಎಷ್ಟೋ ಜನ ತಮ್ಮ ರಕ್ತವನ್ನು ಒಂದು ಸಲವೂ ಪರೀಕ್ಷೆ ಮಾಡಿಸಿಕೊಂಡಿರುವುದಿಲ್ಲ. ರೋಗಿಗೆ ಬಂದ ತೊಂದರೆಯ ಬೀಜ ತಮ್ಮಲ್ಲೂ ಇರಬಹುದು ಎಂಬುದು ಅವರಿಗೆ ಹೊಳೆಯುವುದೇ ಇಲ್ಲ. ಆದ್ದರಿಂದ ಈ ಲೇಖನ ರೋಗಿಗಳಿಗೆ ಎಷ್ಟು ಅವಶ್ಯವೋ ಅವರ ರಕ್ತಸಂಬಂಧಿಗಳಿಗೂ ಅಷ್ಟೇ ಅವಶ್ಯ. ದಯವಿಟ್ಟು ಸಮಾಧಾನದಿಂದ ಓದಿ. ಓದಲು ಬಾರದ ಹಿರಿಯರಿಗೆ ಓದಿ ಹೇಳಿ.

ಅಥೆರೋಸ್ಕ್ಲೆರೋಸಿಸ್ ಎಂದರೇನು?

ಹೃದಯದಿಂದ ಶುದ್ಧ ರಕ್ತವನ್ನು ಒಯ್ಯುವ ನಾಳಗಳಿಗೆ ಅಪಧಮನಿಗಳು ಎನ್ನುತ್ತೇವೆ. ಚಿಕ್ಕ ವಯಸ್ಸಿನಲ್ಲಿ ಇವುಗಳ ಒಳಭಾಗ ನುಣುಪಾಗಿರುತ್ತದೆ. ರಕ್ತದಲ್ಲಿ ಎಲ್.ಡಿ.ಎಲ್. ಎಂಬ ಕೆಟ್ಟ ಕೊಲೆಸ್ಟ್ರಾಲ್ ಹೆಚ್ಚಾದರೆ ಅದು ನಾಳದ ಗೋಡೆಯ ಒಳಗೆ ಸೇರಿಕೊಳ್ಳುತ್ತದೆ. ಅದನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ಅದನ್ನು ನುಂಗಿ ಅಲ್ಲಿಯೇ ಉಳಿಯುತ್ತವೆ. ಹೀಗೆ ವರ್ಷಗಟ್ಟಲೆ ಕೊಬ್ಬು ಶೇಖರವಾಗಿ ಗೋಡೆ ದಪ್ಪವಾಗುತ್ತದೆ, ಪೆಡಸಾಗುತ್ತದೆ, ರಕ್ತ ಹರಿಯುವ ದಾರಿ ಕಿರಿದಾಗುತ್ತದೆ. ಇದಕ್ಕೇ ಅಥೆರೋಸ್ಕ್ಲೆರೋಸಿಸ್ ಎಂದು ಹೆಸರು.

ಒಂದು ದಿನ ಈ ಕೊಬ್ಬಿನ ಗಂಟಿನ ಮೇಲ್ಪದರ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಹೃದಯದ ನಾಳದಲ್ಲಿ ಹೀಗಾದರೆ ಹೃದಯಾಘಾತ, ಮಿದುಳಿನ ನಾಳದಲ್ಲಿ ಆದರೆ ಪಾರ್ಶ್ವವಾಯು, ಕಾಲಿನ ನಾಳ ಕಟ್ಟಿಕೊಂಡರೆ ನಡೆಯುವಾಗ ಮೀನಖಂಡದಲ್ಲಿ ನೋವು. ಆಘಾತವಾಗುವುದು ಒಂದು ಕ್ಷಣದಲ್ಲಿ, ಆದರೆ ಕಾಯಿಲೆ ಬೆಳೆಯುವುದು ಹತ್ತಾರು ವರ್ಷಗಳಲ್ಲಿ. ಹಾಗಾಗಿ ತಡೆಯಲು ನಮಗೆ ಸಮಯವಿದೆ. ಆ ಸಮಯ ವ್ಯರ್ಥವಾಗಬಾರದು ಎಂಬುದೇ ಇಲ್ಲಿ ಹೇಳಬೇಕಾದ ಮಾತು.

ತಂದೆ-ತಾಯಿಯಿಂದ ನಮಗೆ ಏನು ಬರುತ್ತದೆ?

ಕಣ್ಣಿನ ಬಣ್ಣ, ಎತ್ತರ, ಮುಖದ ಲಕ್ಷಣ ತಂದೆ-ತಾಯಿಯಿಂದ ಬರುವಂತೆ ಕೊಲೆಸ್ಟ್ರಾಲನ್ನು ದೇಹ ಹೇಗೆ ನಿಭಾಯಿಸುತ್ತದೆ, ಬಿ.ಪಿ., ಸಕ್ಕರೆ ಕಾಯಿಲೆ ಬರುವ ಸ್ವಭಾವ ಎಷ್ಟಿದೆ ಎಂಬುದೂ ವಂಶವಾಹಿಗಳ ಮೂಲಕ, ಅಂದರೆ ಜೀನ್‌ಗಳ ಮೂಲಕ ಬರುತ್ತದೆ. ಅರ್ಧ ಭಾಗ ತಂದೆಯಿಂದ, ಅರ್ಧ ಭಾಗ ತಾಯಿಯಿಂದ. ಒಡಹುಟ್ಟಿದವರಲ್ಲಿ ಸರಾಸರಿ ಅರ್ಧದಷ್ಟು ಜೀನ್‌ಗಳು ಒಂದೇ ಆಗಿರುತ್ತವೆ.

ಸ್ವೀಡನ್ ದೇಶದಲ್ಲಿ ಸುಮಾರು 21 ಸಾವಿರ ಅವಳಿ-ಜವಳಿಗಳನ್ನು ಬಹುಕಾಲ ಗಮನಿಸಿ 1994ರಲ್ಲಿ ಒಂದು ವರದಿ ಪ್ರಕಟಿಸಿದರು. ಗಂಡಸರಲ್ಲಿ ಅವಳಿಗಳಲ್ಲೊಬ್ಬ 55 ವರ್ಷಕ್ಕೆ ಮೊದಲೇ ಹೃದಯ ಕಾಯಿಲೆಯಿಂದ ತೀರಿಕೊಂಡಿದ್ದರೆ ಇನ್ನೊಬ್ಬನೂ ಅದೇ ಕಾಯಿಲೆಯಿಂದ ತೀರಿಕೊಳ್ಳುವ ಅಪಾಯ ಹೆಚ್ಚಾಗಿತ್ತು. ಎಲ್ಲ ಜೀನ್‌ಗಳೂ ಒಂದೇ ಆಗಿರುವ ತದ್ರೂಪಿ ಅವಳಿಗಳಲ್ಲಿ ಅದು ಸುಮಾರು 8 ಪಟ್ಟು, ಸಾಧಾರಣ ಅವಳಿಗಳಲ್ಲಿ ಸುಮಾರು 4 ಪಟ್ಟು. ಸಾವು ಇಳಿವಯಸ್ಸಿನಲ್ಲಿ ಆಗಿದ್ದಷ್ಟೂ ಈ ಸಂಬಂಧ ಸಡಿಲವಾಗುತ್ತಾ ಹೋಗಿತ್ತು.

ಇದರಿಂದ ತಿಳಿಯಬೇಕಾದದ್ದು ಇಷ್ಟು. ಅಜ್ಜನಿಗೆ 80ನೇ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅದು ಹೆಚ್ಚಾಗಿ ವಯಸ್ಸಿನ ಪರಿಣಾಮ. ತಂದೆ ಅಥವಾ ಅಣ್ಣ-ತಮ್ಮಂದಿರಿಗೆ 55 ವರ್ಷದೊಳಗೆ, ತಾಯಿ ಅಥವಾ ಅಕ್ಕ-ತಂಗಿಯರಿಗೆ 65 ವರ್ಷದೊಳಗೆ ಆಗಿದ್ದರೆ ಅದು ಇಡೀ ಮನೆತನಕ್ಕೆ ಎಚ್ಚರಿಕೆಯ ಗಂಟೆ. ನಮ್ಮ ಭಾಗದ ಜನರಿಗೆ ಇದು ಇನ್ನೂ ಮುಖ್ಯ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಎಂಬ ಅಧ್ಯಯನದಲ್ಲಿ ಭಾರತ ಮತ್ತು ನೆರೆಯ ದೇಶದವರಿಗೆ ಮೊದಲ ಹೃದಯಾಘಾತವಾದ ವಯಸ್ಸು ಸುಮಾರು 53 ಇತ್ತು, ಉಳಿದ ದೇಶಗಳವರಿಗೆ ಸುಮಾರು 59 ಇತ್ತು.

ಹೆಚ್ಚಿನವರಲ್ಲಿ ಈ ಅಪಾಯ ಒಂದೇ ಜೀನ್‌ನಿಂದ ಬರುವುದಿಲ್ಲ. ನೂರಾರು ಜೀನ್‌ಗಳು ಒಂದೊಂದೂ ಸ್ವಲ್ಪ ಸ್ವಲ್ಪ ಭಾರ ಸೇರಿಸುತ್ತವೆ. ಆದರೆ ಕೆಲವು ಮನೆತನಗಳಲ್ಲಿ ಒಂದೇ ಒಂದು ಜೀನ್‌ನ ದೋಷ ಸಾಕಾಗುತ್ತದೆ. ಅದನ್ನು ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಮನೆತನದಲ್ಲಿ ಹರಿದು ಬರುವ ಅಧಿಕ ಕೊಲೆಸ್ಟ್ರಾಲ್

1930ರ ದಶಕದಲ್ಲಿ ನಾರ್ವೆ ದೇಶದ ಡಾ. ಕಾರ್ಲ್ ಮುಲ್ಲರ್ ಎಂಬ ವೈದ್ಯರು ಕೆಲವು ಕುಟುಂಬಗಳಲ್ಲಿ ಮೂರು ಸಂಗತಿಗಳು ಒಟ್ಟಿಗೆ ಬರುವುದನ್ನು ಗುರುತಿಸಿದರು: ರಕ್ತದಲ್ಲಿ ಅಧಿಕ ಕೊಲೆಸ್ಟ್ರಾಲ್, ಚರ್ಮ ಮತ್ತು ಸ್ನಾಯುಗಳ ಮೇಲೆ ಕೊಬ್ಬಿನ ಗಂಟುಗಳು, ಹಾಗೂ ಸಣ್ಣ ವಯಸ್ಸಿನಲ್ಲೇ ಹೃದಯ ಕಾಯಿಲೆ. ಇದಕ್ಕೆ ಕಾರಣವೇನೆಂದು 1970ರ ದಶಕದಲ್ಲಿ ಕಂಡುಹಿಡಿದವರು ಅಮೆರಿಕದ ಡಲ್ಲಾಸ್ ನಗರದ ವಿಜ್ಞಾನಿಗಳಾದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್. ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಬಂದಿತು.

ಅವರು ಕಂಡುಕೊಂಡದ್ದನ್ನು ಸರಳವಾಗಿ ಹೀಗೆ ಹೇಳಬಹುದು. ನಮ್ಮ ಲಿವರ್‌ನ ಜೀವಕೋಶಗಳ ಮೇಲೆ ಸಣ್ಣ ಸಣ್ಣ ಬಾಗಿಲುಗಳಿವೆ. ರಕ್ತದಲ್ಲಿ ತಿರುಗಾಡುವ ಕೆಟ್ಟ ಕೊಲೆಸ್ಟ್ರಾಲ್ ಈ ಬಾಗಿಲುಗಳ ಮೂಲಕ ಲಿವರ್ ಒಳಗೆ ಹೋಗಿ ವಿಲೇವಾರಿಯಾಗುತ್ತದೆ. ಈ ಬಾಗಿಲು ಮಾಡುವ ಜೀನ್‌ನ ಎರಡು ಪ್ರತಿಗಳು ನಮ್ಮಲ್ಲಿರುತ್ತವೆ, ಒಂದು ತಂದೆಯದು, ಒಂದು ತಾಯಿಯದು. ಒಂದು ಪ್ರತಿ ಕೆಟ್ಟಿದ್ದರೆ ಸರಿಯಾದ ಬಾಗಿಲುಗಳು ಸುಮಾರು ಅರ್ಧದಷ್ಟೇ ಇರುತ್ತವೆ. ಆಗ ಕೊಲೆಸ್ಟ್ರಾಲ್ ಹೊರಗೇ ಉಳಿದು, ಹುಟ್ಟಿದ ದಿನದಿಂದಲೇ ರಕ್ತನಾಳಗಳ ಗೋಡೆ ಸೇರತೊಡಗುತ್ತದೆ.

ಈ ದೋಷ ಅಪರೂಪದ್ದಲ್ಲ. ಜಗತ್ತಿನಲ್ಲಿ ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಇದೆ. ಹೆಣ್ಣು-ಗಂಡು ಎಂಬ ಭೇದವಿಲ್ಲ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ನೂರಕ್ಕೆ ಐವತ್ತು. ಮೊದಲ ಮಗುವಿಗೆ ಬಂದಿದೆ, ಇನ್ನೊಂದಕ್ಕೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು. ಪ್ರತಿ ಬಸಿರಿನಲ್ಲೂ ಅಷ್ಟೇ ಸಾಧ್ಯತೆ ಇರುತ್ತದೆ. ಚಿಕಿತ್ಸೆ ಪಡೆಯದಿದ್ದರೆ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಿಗೆ 50 ವರ್ಷದೊಳಗೆ, ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಜನರಿಗೆ 60 ವರ್ಷದೊಳಗೆ ಹೃದಯ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಬೇಗ ಗುರುತಿಸಿ ಚಿಕಿತ್ಸೆ ಆರಂಭಿಸಿದರೆ ಈ ಅಪಾಯ ಬಹಳ ಮಟ್ಟಿಗೆ ಇಳಿಯುತ್ತದೆ.

ಅನುಮಾನ ಬರಬೇಕಾದ ಗುರುತುಗಳು:

• ದೊಡ್ಡವರಲ್ಲಿ ಎಲ್.ಡಿ.ಎಲ್. ಕೊಲೆಸ್ಟ್ರಾಲ್ (100 ಮಿ.ಲೀ. ರಕ್ತದಲ್ಲಿ) 190 ಮಿಲಿಗ್ರಾಂ ಅಥವಾ ಹೆಚ್ಚು ಇರುವುದು.
• ಮನೆತನದಲ್ಲಿ ಇಂಥ ಇತಿಹಾಸವಿರುವ ಮಕ್ಕಳಲ್ಲಿ ಅದು 160 ಅಥವಾ ಹೆಚ್ಚು ಇರುವುದು.
• ಹಿಮ್ಮಡಿಯ ಮೇಲಿನ ದಪ್ಪ ನರದಂಥ ಭಾಗ, ಬೆರಳ ಗೆಣ್ಣು, ಮೊಣಕೈ, ಮಂಡಿಗಳಲ್ಲಿ ಗಟ್ಟಿ ಗಂಟುಗಳು.
• 45 ವರ್ಷದೊಳಗೇ ಕಣ್ಣಿನ ಕರಿಗುಡ್ಡೆಯ ಸುತ್ತ ಬಿಳಿ ಉಂಗುರ.
• ಮನೆಯಲ್ಲಿ ಸಣ್ಣ ವಯಸ್ಸಿನ ಹೃದಯಾಘಾತ ಅಥವಾ ಹಠಾತ್ ಸಾವು.

ನೆನಪಿಡಿ, ದೋಷವಿರುವ ಎಲ್ಲರಲ್ಲೂ ಗಂಟುಗಳು ಕಾಣುವುದಿಲ್ಲ. ನೋವೂ ಇರುವುದಿಲ್ಲ, ಆಯಾಸವೂ ಇರುವುದಿಲ್ಲ. ರಕ್ತ ಪರೀಕ್ಷೆಯೊಂದೇ ತಿಳಿಯುವ ದಾರಿ.

ಸೋದರಿಕೆಯಲ್ಲಿ ಮದುವೆಯಾದವರ ಗಮನಕ್ಕೆ

ನಮ್ಮಲ್ಲಿ ಸೋದರಮಾವನಿಗೆ, ಅತ್ತೆಯ ಮಗನಿಗೆ, ಮಾವನ ಮಗನಿಗೆ ಹೆಣ್ಣು ಕೊಡುವ ರೂಢಿ ಹಳೆಯದು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸುಮಾರು ನಾಲ್ಕು ಮದುವೆಗಳಲ್ಲಿ ಒಂದು ರಕ್ತಸಂಬಂಧದಲ್ಲೇ ಆದದ್ದು. ಮನೆತನದಲ್ಲಿ ಈ ದೋಷವಿದ್ದರೆ ಅದು ಗಂಡ-ಹೆಂಡತಿ ಇಬ್ಬರಲ್ಲೂ ಇರುವ ಸಾಧ್ಯತೆ ಇಂಥ ಮದುವೆಯಲ್ಲಿ ಹೆಚ್ಚು. ಇಬ್ಬರಲ್ಲೂ ಇದ್ದರೆ ಪ್ರತಿ ಮಗುವಿಗೂ ಎರಡೂ ಪ್ರತಿ ಕೆಟ್ಟಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿನ ಎಲ್.ಡಿ.ಎಲ್. ಸಾಮಾನ್ಯವಾಗಿ 400ಕ್ಕಿಂತ ಮೇಲಿರುತ್ತದೆ, ಬಾಲ್ಯದಲ್ಲೇ ಚರ್ಮದ ಮೇಲೆ ಹಳದಿ ಗಂಟುಗಳು ಕಾಣುತ್ತವೆ, ಹತ್ತು-ಹದಿನೈದರ ವಯಸ್ಸಿನಲ್ಲೇ ಹೃದಯಕ್ಕೆ ತೊಂದರೆಯಾಗಬಹುದು. ಇಂಥ ಗಂಟುಗಳನ್ನು ಚರ್ಮದ ಕಾಯಿಲೆ ಎಂದುಕೊಂಡು ಮುಲಾಮು ಹಚ್ಚುತ್ತಾ ವರ್ಷ ಕಳೆಯಬೇಡಿ. ಮಗುವಿನ ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ.

ಈಗಾಗಲೇ ಆದ ಮದುವೆಯ ಬಗ್ಗೆ ಯಾರನ್ನೂ ದೂರುವುದು ಬೇಡ. ಮುಖ್ಯವಾಗಿ ಮಗುವಿನ ತಾಯಿಯನ್ನು ದೂರುವುದು ಬೇಡ. ಜೀನ್ ಯಾರೂ ಆರಿಸಿ ಕೊಟ್ಟದ್ದಲ್ಲ. ಇದರಲ್ಲಿ ಯಾರ ತಪ್ಪೂ ಇಲ್ಲ.

ಲೈಪೋಪ್ರೋಟೀನ್ 'ಎ': ಜೀವಮಾನಕ್ಕೊಂದು ಪರೀಕ್ಷೆ

1963ರಲ್ಲಿ ನಾರ್ವೆಯ ಕಾರೆ ಬರ್ಗ್ ಎಂಬ ವಿಜ್ಞಾನಿ ರಕ್ತದಲ್ಲಿ ಕೊಲೆಸ್ಟ್ರಾಲ್ ಒಯ್ಯುವ ಇನ್ನೊಂದು ಕಣವನ್ನು ಪತ್ತೆ ಮಾಡಿದರು. ಅದಕ್ಕೆ ಲೈಪೋಪ್ರೋಟೀನ್ 'ಎ' ಎನ್ನುತ್ತಾರೆ. ಇದರ ಮಟ್ಟ ಬಹುಪಾಲು ಜೀನ್‌ನಿಂದಲೇ ನಿರ್ಧಾರವಾಗುತ್ತದೆ. ಊಟ, ವ್ಯಾಯಾಮದಿಂದ ಅಷ್ಟಾಗಿ ಬದಲಾಗುವುದಿಲ್ಲ. ಸುಮಾರು ಐವರಲ್ಲಿ ಒಬ್ಬರಿಗೆ ಇದು ಹೆಚ್ಚಿರುತ್ತದೆ. 50 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಹೃದಯಾಘಾತದ ಅಪಾಯ ಹೆಚ್ಚು. ಮಾಮೂಲಿ ಕೊಲೆಸ್ಟ್ರಾಲ್ ಪರೀಕ್ಷೆಯಲ್ಲಿ ಇದು ತಿಳಿಯುವುದಿಲ್ಲ, ಬೇರೆಯಾಗಿ ಮಾಡಿಸಬೇಕು. ಮೇಲಿಂದ ಮೇಲೆ ಬದಲಾಗದ ಕಾರಣ ಹೆಚ್ಚಿನವರಿಗೆ ಒಂದು ಸಲ ಮಾಡಿಸಿದರೆ ಸಾಕು. ಹೆಚ್ಚಿದೆ ಎಂದು ತಿಳಿದರೆ ಎಲ್.ಡಿ.ಎಲ್., ಬಿ.ಪಿ., ಸಕ್ಕರೆ, ತಂಬಾಕು ಈ ಉಳಿದ ವಿಷಯಗಳಲ್ಲಿ ಇನ್ನಷ್ಟು ಕಟ್ಟುನಿಟ್ಟಾಗಿರಬೇಕು.

ಜನರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ನಾವು ಶುದ್ಧ ಸಸ್ಯಾಹಾರಿಗಳು. ನಮಗೆ ಕೊಲೆಸ್ಟ್ರಾಲ್ ಹೇಗೆ ಬಂತು?
ದೇಹಕ್ಕೆ ಬೇಕಾದ ಕೊಲೆಸ್ಟ್ರಾಲಿನ ಹೆಚ್ಚಿನ ಭಾಗವನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಇದರಲ್ಲಿ ಲಿವರ್‌ನದು ದೊಡ್ಡ ಪಾಲು. ಊಟದಿಂದ ಬರುವುದು ಕಡಿಮೆ ಭಾಗ. ಬಾಗಿಲಿನ ಜೀನ್ ಕೆಟ್ಟಿದ್ದರೆ ಜೋಳದ ರೊಟ್ಟಿ, ಪಲ್ಯ ಉಂಡವರಿಗೂ ಕೊಲೆಸ್ಟ್ರಾಲ್ ಏರುತ್ತದೆ. ಅಲ್ಲದೆ ತುಪ್ಪ, ಬೆಣ್ಣೆ, ಕೆನೆ, ಡಾಲ್ಡಾ, ಕರಿದ ಎಣ್ಣೆಯಲ್ಲೇ ಮತ್ತೆ ಕರಿದ ಮಿರ್ಚಿ ಭಜಿ ಇವೂ ಸಸ್ಯಾಹಾರವೇ ಅಲ್ಲವೇ? ಅವೂ ಕೆಟ್ಟ ಕೊಲೆಸ್ಟ್ರಾಲನ್ನು ಏರಿಸುತ್ತವೆ.

ನಾನು ತೆಳ್ಳಗಿದ್ದೇನೆ, ಹೊಲದಲ್ಲಿ ದುಡಿಯುತ್ತೇನೆ. ನನಗೂ ಪರೀಕ್ಷೆ ಬೇಕೇ?
ದುಡಿಮೆ ಹೃದಯಕ್ಕೆ ಒಳ್ಳೆಯದು, ನಿಜ. ಆದರೆ ಜೀನ್ ದೋಷ ತೂಕ ನೋಡಿ ಬರುವುದಿಲ್ಲ. ಮನೆತನದಲ್ಲಿ ಸಣ್ಣ ವಯಸ್ಸಿನ ಹೃದಯಾಘಾತವಿದ್ದರೆ ತೆಳ್ಳಗಿರುವವರೂ ಪರೀಕ್ಷೆ ಮಾಡಿಸಬೇಕು.

ರೋಗಿಯ ಹೆಂಡತಿಗೂ ಈ ಅಪಾಯ ಇದೆಯೇ?
ರಕ್ತಸಂಬಂಧದಲ್ಲಿ ಮದುವೆಯಾಗಿಲ್ಲದಿದ್ದರೆ ಜೀನ್‌ನಿಂದ ಬರುವ ಅಪಾಯ ಅವರಿಗಿಲ್ಲ. ಆದರೆ ಒಂದೇ ಒಲೆಯ ಊಟ, ಒಂದೇ ಎಣ್ಣೆ, ಒಂದೇ ಉಪ್ಪಿನಕಾಯಿ. ಆ ಕಾರಣಕ್ಕೆ ಅವರೂ ತಪಾಸಣೆ ಮಾಡಿಸುವುದು ಒಳ್ಳೆಯದು. ಮಕ್ಕಳಿಗಂತೂ ಪರೀಕ್ಷೆ ಬೇಕೇ ಬೇಕು.

ವಿಷಯ ಹೊರಗೆ ಗೊತ್ತಾದರೆ ಮಕ್ಕಳ ಮದುವೆಗೆ ತೊಂದರೆಯಾಗುವುದಿಲ್ಲವೇ?
ಈ ಭಯದಿಂದ ಎಷ್ಟೋ ಮನೆಗಳಲ್ಲಿ ಕಾಯಿಲೆಯನ್ನು ಮುಚ್ಚಿಡುತ್ತಾರೆ. ಊರಿಗೆಲ್ಲ ಹೇಳಬೇಕಾಗಿಲ್ಲ. ಆದರೆ ಒಡಹುಟ್ಟಿದವರಿಗೆ ಮತ್ತು ಬೆಳೆದ ಮಕ್ಕಳಿಗೆ ಹೇಳಲೇಬೇಕು. ಮುಚ್ಚಿಟ್ಟರೆ ಕಾಯಿಲೆ ಹೋಗುವುದಿಲ್ಲ, ಚಿಕಿತ್ಸೆಯ ಅವಕಾಶ ಹೋಗುತ್ತದೆ. ದಿನಕ್ಕೊಂದು ಮಾತ್ರೆ ತೆಗೆದುಕೊಂಡು ಆರೋಗ್ಯವಾಗಿರುವ ಮಗ, ಏನೂ ತಿಳಿಯದೆ ನಲವತ್ತಕ್ಕೆ ಕುಸಿಯುವ ಮಗ, ಇವರಲ್ಲಿ ಯಾರು ಬೇಕು ಎಂದು ಯೋಚಿಸಿ.

ಹಾಗಾದರೆ ಇದು ಹಣೆಬರಹವೇ?

ಅಲ್ಲ. ಅಪ್ಪನಿಗೆ ಬಂದಿದೆ, ನನಗೂ ಬಂದೇ ಬರುತ್ತದೆ ಎಂದು ಕೈಕಟ್ಟಿ ಕೂರುವುದೂ ತಪ್ಪು. ನನಗೆ ಏನೂ ಆಗುವುದಿಲ್ಲ ಎಂದು ಉದಾಸೀನ ಮಾಡುವುದೂ ತಪ್ಪು.

ಅಮೆರಿಕ ಮತ್ತು ಸ್ವೀಡನ್ ದೇಶಗಳ ಸುಮಾರು 55 ಸಾವಿರ ಜನರ ಜೀನ್ ಮತ್ತು ಜೀವನಕ್ರಮವನ್ನು ಹೋಲಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಧೂಮಪಾನ ಮಾಡದಿರುವುದು, ಬೊಜ್ಜಿಲ್ಲದಿರುವುದು, ನಿಯಮಿತ ವ್ಯಾಯಾಮ, ಒಳ್ಳೆಯ ಆಹಾರ, ಈ ನಾಲ್ಕರಲ್ಲಿ ಕನಿಷ್ಠ ಮೂರನ್ನು ಪಾಲಿಸಿದವರನ್ನು ಉತ್ತಮ ಜೀವನಕ್ರಮದವರು ಎಂದು ಲೆಕ್ಕ ಹಾಕಿದ್ದರು. ಜೀನ್‌ನಿಂದ ಅತಿ ಹೆಚ್ಚು ಅಪಾಯವಿದ್ದವರಲ್ಲೂ ಉತ್ತಮ ಜೀವನಕ್ರಮದವರಿಗೆ ಹೃದಯದ ತೊಂದರೆ, ಕೆಟ್ಟ ಜೀವನಕ್ರಮದವರಿಗಿಂತ ಸುಮಾರು ಅರ್ಧದಷ್ಟು ಕಡಿಮೆ ಇತ್ತು (ಶೇಕಡಾ 46). ಜೀನ್ ಬದಲಾಗಲಿಲ್ಲ, ಫಲ ಬದಲಾಯಿತು.

ಇನ್ನೊಂದು ಸಂಗತಿ ಕೇಳಿ. ಒಳ್ಳೆಯ ಜೀನ್‌ಗಳೂ ಮನೆತನದಲ್ಲಿ ಬರುತ್ತವೆ. ಪಿ.ಸಿ.ಎಸ್.ಕೆ.9 ಎಂಬ ಜೀನ್ ಲಿವರ್‌ನ ಬಾಗಿಲುಗಳನ್ನು ನಾಶ ಮಾಡುವ ಕೆಲಸ ಮಾಡುತ್ತದೆ. ಅಮೆರಿಕದ ಕೆಲವು ಕಪ್ಪುಜನರಲ್ಲಿ ಈ ಜೀನ್ ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ಅವರಲ್ಲಿ ಬಾಗಿಲುಗಳು ಹೆಚ್ಚು. ಅವರ ಎಲ್.ಡಿ.ಎಲ್. ಶೇಕಡಾ 28ರಷ್ಟು ಕಡಿಮೆ ಇತ್ತು, ಹೃದಯ ಕಾಯಿಲೆ ಶೇಕಡಾ 88ರಷ್ಟು ಕಡಿಮೆ ಇತ್ತು ಎಂದು 2006ರಲ್ಲಿ ವರದಿಯಾಯಿತು. ಹುಟ್ಟಿನಿಂದ ಎಲ್.ಡಿ.ಎಲ್. ಸ್ವಲ್ಪ ಕಡಿಮೆ ಇದ್ದರೂ ಲಾಭ ಬಹಳ ದೊಡ್ಡದು. ಚಿಕಿತ್ಸೆಯನ್ನು ಬೇಗ ಆರಂಭಿಸಿ ಎಂದು ವೈದ್ಯರು ಒತ್ತಾಯಿಸುವುದು ಇದೇ ಕಾರಣಕ್ಕೆ. ಈ ಅರಿವಿನಿಂದಲೇ ಪಿ.ಸಿ.ಎಸ್.ಕೆ.9ನ್ನು ತಡೆಯುವ ಇಂಜೆಕ್ಷನ್‌ಗಳೂ ಬಂದಿವೆ. ಅವು ದುಬಾರಿ, ಎಲ್ಲರಿಗೂ ಬೇಕಾಗುವುದಿಲ್ಲ.

ಕೊಲೆಸ್ಟ್ರಾಲ್ ಮಾತ್ರೆಯ ಬಗ್ಗೆ

ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ 1970ರ ದಶಕದಲ್ಲಿ ಬೂಷ್ಟಿನಿಂದ ಸ್ಟಾಟಿನ್ ಜಾತಿಯ ಮೊದಲ ಔಷಧವನ್ನು ಬೇರ್ಪಡಿಸಿದರು. ಇವತ್ತು ವೈದ್ಯರು ಬರೆಯುವ ಅಟೋರ್ವಾಸ್ಟಾಟಿನ್, ರೋಸುವಾಸ್ಟಾಟಿನ್ ಮಾತ್ರೆಗಳು ಇದೇ ಜಾತಿಯವು. ಇವು ಲಿವರ್‌ನಲ್ಲಿ ಕೊಲೆಸ್ಟ್ರಾಲ್ ತಯಾರಿಯನ್ನು ತಗ್ಗಿಸುತ್ತವೆ. ಆಗ ಲಿವರ್ ಇನ್ನಷ್ಟು ಬಾಗಿಲುಗಳನ್ನು ತೆರೆದು ರಕ್ತದಲ್ಲಿನ ಕೊಲೆಸ್ಟ್ರಾಲನ್ನು ಒಳಗೆಳೆದುಕೊಳ್ಳುತ್ತದೆ.

• ರಿಪೋರ್ಟ್ ನಾರ್ಮಲ್ ಬಂತೆಂದು ಮಾತ್ರೆ ನಿಲ್ಲಿಸಬೇಡಿ. ಮಾತ್ರೆಯಿಂದಲೇ ನಾರ್ಮಲ್ ಬಂದಿರುತ್ತದೆ. ನಿಲ್ಲಿಸಿದರೆ ಮತ್ತೆ ಏರುತ್ತದೆ.
• ಮೈಕೈ ವಿಪರೀತ ನೋವು, ಮೂತ್ರದ ಬಣ್ಣ ಕಪ್ಪಾಗುವುದು ಕಂಡರೆ ಕೂಡಲೇ ವೈದ್ಯರಿಗೆ ತಿಳಿಸಿ.
• ಗರ್ಭಿಣಿಯರು, ಗರ್ಭ ಧರಿಸಬೇಕೆಂದಿರುವವರು, ಹಾಲೂಡಿಸುವ ತಾಯಂದಿರು ಮೊದಲೇ ವೈದ್ಯರಿಗೆ ಹೇಳಬೇಕು.
• ನಿಮ್ಮ ಮಾತ್ರೆಯನ್ನು ತಮ್ಮನಿಗೋ ಮಗನಿಗೋ ಕೊಡಬೇಡಿ. ಅವರವರ ಪರೀಕ್ಷೆ, ಅವರವರ ಔಷಧಿ.

ಮನೆಯವರು ಮಾಡಬೇಕಾದ ಕೆಲಸಗಳು

1. ರೋಗಿಗೆ ಸಣ್ಣ ವಯಸ್ಸಿನಲ್ಲಿ ಹೃದಯಾಘಾತವಾಗಿದ್ದರೆ ಅವರ ಒಡಹುಟ್ಟಿದವರು, ಮಕ್ಕಳು ಎಲ್ಲರೂ ಲಿಪಿಡ್ ಪ್ರೊಫೈಲ್ ಎಂಬ ಕೊಲೆಸ್ಟ್ರಾಲ್ ಪರೀಕ್ಷೆ, ಬಿ.ಪಿ. ಮತ್ತು ಸಕ್ಕರೆ ಪರೀಕ್ಷೆ ಮಾಡಿಸಿ. ಭಾರತೀಯ ಹೃದ್ರೋಗ ತಜ್ಞರ ಸಂಘ 2024ರಲ್ಲಿ ಎಲ್ಲರಿಗೂ 18ನೇ ವಯಸ್ಸಿನಲ್ಲಿ ಮೊದಲ ಲಿಪಿಡ್ ಪರೀಕ್ಷೆ, ಮನೆತನದಲ್ಲಿ ಕಾಯಿಲೆ ಇದ್ದವರಿಗೆ ಅದಕ್ಕೂ ಮೊದಲೇ ಎಂದು ಸಲಹೆ ಮಾಡಿದೆ. ಜೀನ್ ದೋಷವಿರುವವರ ಮಕ್ಕಳಿಗೆ 10 ವರ್ಷದೊಳಗೇ ಮಾಡಿಸುವುದು ಒಳ್ಳೆಯದು.

2. ಮಾತ್ರೆ ಆರಂಭಿಸುವ ಮೊದಲಿನ ಹಳೆಯ ರಿಪೋರ್ಟ್ ಇದ್ದರೆ ಜೋಪಾನವಾಗಿಡಿ. ಮಾತ್ರೆ ತೆಗೆದುಕೊಂಡ ಮೇಲಿನ ರಿಪೋರ್ಟ್ ನೋಡಿ ಮನೆತನದ ದೋಷ ಗುರುತಿಸುವುದು ಕಷ್ಟ.

3. ಬೀಡಿ, ಸಿಗರೇಟು, ಗುಟ್ಕಾ, ಕಡ್ಡಿಪುಡಿ ಯಾವ ರೂಪದ ತಂಬಾಕೂ ಬೇಡ. ಜೀನ್ ದೋಷವಿರುವವರಿಗೆ ತಂಬಾಕು ಉರಿಯುವ ಬೆಂಕಿಗೆ ಎಣ್ಣೆ ಸುರಿದಂತೆ.

4. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಿರಿ. ಉಪ್ಪು ಒಬ್ಬರಿಗೆ ದಿನಕ್ಕೆ 5 ಗ್ರಾಂ ಒಳಗಿರಲಿ. ಸೊಪ್ಪು, ಕಾಳು, ಹಸಿ ತರಕಾರಿ ಹೆಚ್ಚಲಿ. ತುಪ್ಪ, ಬೆಣ್ಣೆ, ಕರಿದ ಪದಾರ್ಥ ತಗ್ಗಲಿ. ಡಾಲ್ಡಾ ಬಿಡುವುದೇ ಒಳ್ಳೆಯದು.

5. ಮನೆತನದ ಚೀಟಿ ಬರೆಯಿರಿ. ತಂದೆ ಕಡೆ, ತಾಯಿ ಕಡೆ ಎರಡೂ ಇರಲಿ. ಯಾರಿಗೆ ಹೃದಯಾಘಾತ, ಪಾರ್ಶ್ವವಾಯು, ಬೈಪಾಸ್ ಅಥವಾ ಸ್ಟೆಂಟ್ ಆಗಿದೆ, ಆಗ ಅವರ ವಯಸ್ಸೆಷ್ಟು ಎಂದು ಹಿರಿಯರನ್ನು ಕೇಳಿ ಬರೆಯಿರಿ. 'ಗ್ಯಾಸ್ ಆಗಿ ಹೋದರು', 'ಮಲಗಿದಲ್ಲೇ ಹೋದರು' ಎಂದು ಹೇಳುವ ಸಾವುಗಳನ್ನೂ ಬಿಡದೆ ಬರೆಯಿರಿ. ಅವುಗಳಲ್ಲಿ ಕೆಲವು ಹೃದಯಾಘಾತವಾಗಿದ್ದಿರಬಹುದು.

ಎದೆ ಬಿಗಿತ, ಎಡಗೈ, ದವಡೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆ ಬೆವರು, ಉಸಿರು ಕಟ್ಟುವುದು, ವಾಂತಿ, ವಿಪರೀತ ಸುಸ್ತು ಇವು ಹೃದಯಾಘಾತದ ಲಕ್ಷಣಗಳಿರಬಹುದು. ಹೆಂಗಸರಲ್ಲಿ ಎದೆನೋವು ಅಷ್ಟಾಗಿ ಕಾಣದೆ ಉಳಿದ ಲಕ್ಷಣಗಳಷ್ಟೇ ಇರುವುದೂ ಉಂಟು. ಸೋಡಾ ಕುಡಿದು ಕಾಯಬೇಡಿ. 108ಕ್ಕೆ ಕರೆ ಮಾಡಿ ತಕ್ಷಣ ಆಸ್ಪತ್ರೆಗೆ ಬನ್ನಿ.

ಹಿರಿಯರಿಂದ ಹೊಲ ಬರುತ್ತದೆ, ಮನೆ ಬರುತ್ತದೆ, ಕೆಲವೊಮ್ಮೆ ಸಾಲವೂ ಬರುತ್ತದೆ. ಸಾಲ ಇದೆಯೆಂದು ಮೊದಲೇ ತಿಳಿದವನು ತೀರಿಸುವ ದಾರಿ ಹುಡುಕುತ್ತಾನೆ. ಇದೂ ಹಾಗೆಯೇ. ಇವತ್ತೇ ನಿಮ್ಮ ಮನೆತನದ ಚೀಟಿ ಬರೆದು, ವೈದ್ಯರು ರೌಂಡ್ಸಿಗೆ ಬಂದಾಗ ತೋರಿಸಿ. ರೋಗಿ ಗುಣವಾಗಿ ಮನೆಗೆ ಹೋಗುವಾಗ ಜೊತೆಗೆ ಬಂದವರ ರಕ್ತ ಪರೀಕ್ಷೆಯೂ ಆಗಿರಲಿ.